ಕಾಗದ ಹೆಣೆದರೆ ಗಣಿತ, ಬಿದಿರು ಹೆಣೆದರೆ ಜಾತಿ!

ಹೋದ ವರ್ಷ ನಮ್ಮ ತಾಲ್ಲೂಕಿನ ಮಕ್ಕಳ ವಸ್ತುಪ್ರದರ್ಶನಕ್ಕೆ ಎಂಟು ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಹಾಲಿನ ಒಳಗೆ ಮೇಜು ಜೋಡಿಸಿ, ಬಿಳಿ ಬಟ್ಟೆ ಹೊದಿಸಿ, ಅದರ ಮೇಲೆ ಪೇಟೆಯ ಒಂದು ಖಾಸಗಿ ಶಾಲೆಯ ಮಕ್ಕಳು ಮಾಡಿದ ಕಾಗದದ ಚಾಪೆಗಳನ್ನು ಇಟ್ಟಿದ್ದರು. ಕೆಂಪು ಹಾಳೆಗೆ ಉದ್ದುದ್ದ ಸೀಳು ಹಾಕಿ, ಹಳದಿ ಪಟ್ಟಿಗಳನ್ನು ಒಂದರ ಮೇಲೆ ಒಂದರ ಕೆಳಗೆ ತೂರಿಸಿ ಹೆಣೆದದ್ದು. ಚೆನ್ನಾಗಿಯೇ ಇದ್ದವು, ಸುಳ್ಳು ಯಾಕೆ ಹೇಳಲಿ. ಪಕ್ಕದಲ್ಲೊಂದು ಚೀಟಿ: 'ಗಣಿತ ಮಾದರಿ'. ಟೈ ಕಟ್ಟಿದ ಹುಡುಗನೊಬ್ಬ ಬಂದವರಿಗೆಲ್ಲ ಸರಿಸಂಖ್ಯೆ, ಬೆಸಸಂಖ್ಯೆ ಅಂತ ವಿವರಿಸುತ್ತಿದ್ದ. ಸಾಹೇಬರು ತಲೆ ಸವರಿ ಹೋದರು.

ಹೊರಗೆ ಶಾಮಿಯಾನದ ಕೆಳಗೆ, ನೆಲದ ಮೇಲೆ, ನಮ್ಮ ಶಾಲೆಯ ಹುಡುಗಿ ಕೂತಿದ್ದಳು. ಐದನೇ ತರಗತಿ. ಮೇದರ ಕೇರಿಯವಳು. ಅವಳ ಮುಂದೆ ಬಿದಿರಿನ ದಬ್ಬೆ, ಅರ್ಧ ಹೆಣೆದ ಬುಟ್ಟಿ. ತಲೆಯ ಮೇಲೆ ಒಂದು ಬ್ಯಾನರು: 'ನಮ್ಮ ಕುಲಕಸುಬುಗಳು'. ಅವಳನ್ನು ಯಾರೂ ಏನೂ ವಿವರಿಸು ಅನ್ನಲಿಲ್ಲ. ಫೋಟೋ ತೆಗೆದುಕೊಂಡರು. ಒಬ್ಬರು, "ಕೈ ನೋಡ್ರೀ ಹೆಂಗೆ ಓಡುತ್ತೆ, ರಕ್ತದಲ್ಲೇ ಬಂದಿರುತ್ತೆ" ಅಂದರು. ಇಪ್ಪತ್ತರ ಮಗ್ಗಿಯವರೆಗೂ ತಡವರಿಸದೆ ಹೇಳುವ ಹುಡುಗಿ ಅವಳು. ಆ ಮಗ್ಗಿ ಯಾರ ರಕ್ತದಲ್ಲಿ ಬಂತೋ ಅವರೇ ಹೇಳಬೇಕು.

ಗೆಳೆಯರೇ, ಒಳಗಿದ್ದ ಕಾಗದಕ್ಕೂ ಹೊರಗಿದ್ದ ಬಿದಿರಿಗೂ ಹೆಣಿಗೆ ಒಂದೇ. ಅಲ್ಲೂ ಒಂದು ಮೇಲೆ ಒಂದು ಕೆಳಗೆ, ಇಲ್ಲೂ ಅದೇ. ಒಂದಕ್ಕೆ ಮೇಜು, ಒಂದಕ್ಕೆ ನೆಲ. ಒಂದಕ್ಕೆ ಬುದ್ಧಿ, ಒಂದಕ್ಕೆ ರಕ್ತ. ಈ ವಿಂಗಡಣೆ ಮಾಡಿದವರು ಯಾರು?

ನಾನು ಹುಟ್ಟಿದ್ದು ಕೊರಮರ ಹಟ್ಟಿಯಲ್ಲಿ. ನಮ್ಮವ್ವ ಈಚಲು ಗರಿಯ ಚಾಪೆ ಹೆಣೆದು ನನ್ನನ್ನು ಟಿ.ಸಿ.ಎಚ್. ಓದಿಸಿದಳು. ಹೀಗಾಗಿ ಆ ದಿನ ನನಗೆ ಸಿಟ್ಟು ಬಂದದ್ದು ಆಶ್ಚರ್ಯವಲ್ಲ. ಆದರೆ ಸಿಟ್ಟಿನಲ್ಲಿ ಮಾತ್ರ ನಿಂತರೆ ಆಗದು ಅನ್ನಿಸಿತು. ಶಾಲೆಯೊಳಕ್ಕೆ ಈ ಕಾಗದದ ಚಾಪೆ ಎಲ್ಲಿಂದ ಬಂತು, ತಂದವನು ಯಾಕೆ ತಂದ ಅಂತ ಓದುತ್ತಾ ಹೋದೆ. ನಮ್ಮ ತರಬೇತಿಯಲ್ಲಿ ಇದನ್ನು 'ಚಟುವಟಿಕೆ' ಅಂತ ಹೇಳಿಕೊಟ್ಟರೇ ಹೊರತು ಇದಕ್ಕೊಂದು ಚರಿತ್ರೆ ಇದೆ ಅಂತ ಯಾರೂ ಹೇಳಲಿಲ್ಲ. ಇದೆ. ಅದು ಸಣ್ಣ ಚರಿತ್ರೆಯೂ ಅಲ್ಲ, ಸಾಧು ಚರಿತ್ರೆಯೂ ಅಲ್ಲ.

ಜರ್ಮನಿಯ ತುರಿಂಗಿಯಾ ಸೀಮೆಯಲ್ಲಿ 1782ರಲ್ಲಿ ಹುಟ್ಟಿದ ಫ್ರೆಡ್ರಿಕ್ ಫ್ರೋಬೆಲ್ ಎಂಬಾತ ಈ ಕಾಗದದ ಹೆಣಿಗೆಯನ್ನು ಶಾಲೆಯ ಪಾಠವಾಗಿ ಮಾಡಿದವನು. ವರ್ಷ ತುಂಬುವ ಮೊದಲೇ ತಾಯಿಯನ್ನು ಕಳೆದುಕೊಂಡವನು. ಕಾಡು ಕಾಯುವವನ ಕೈಕೆಳಗೆ ಕೆಲಸ ಕಲಿತ, ಆಮೇಲೆ ಬರ್ಲಿನ್ನಿನಲ್ಲಿ ಸ್ಫಟಿಕಗಳ ಶಾಸ್ತ್ರ ಓದಿದ. ಕಲ್ಲಿನೊಳಗೆ ಇರುವ ಕೋನ, ಮುಖ, ಸಾಲು ನೋಡಿ ನೋಡಿ, ಲೋಕದ ನಿಯಮವನ್ನು ಮಗು ಕೈಯಿಂದ ಮುಟ್ಟಿ ಕಲಿಯಬೇಕು ಅಂತ ತೀರ್ಮಾನಿಸಿದ. 1837ರಲ್ಲಿ ಬ್ಲಾಂಕೆನ್‌ಬುರ್ಗ್ ಎಂಬ ಊರಲ್ಲಿ ಸಣ್ಣ ಮಕ್ಕಳ ಸಂಸ್ಥೆ ಶುರುಮಾಡಿದ. 1840ರಲ್ಲಿ ಅದಕ್ಕೆ 'ಕಿಂಡರ್‌ಗಾರ್ಟನ್' ಎಂದು ಹೆಸರಿಟ್ಟ. ಮಕ್ಕಳ ತೋಟ ಅಂತ ಅದರ ಅರ್ಥ. ಇವತ್ತು ನಮ್ಮ ಪೇಟೆ ಬೀದಿಗಳಲ್ಲಿ ಎಲ್.ಕೆ.ಜಿ., ಯು.ಕೆ.ಜಿ. ಅಂತ ಬೋರ್ಡು ಹಾಕಿ ಸಾವಿರಗಟ್ಟಲೆ ವಸೂಲು ಮಾಡುವವರ 'ಕೆ.ಜಿ.' ಅವನದೇ. ಪಾಪ, ಅವನು ಸತ್ತು ಬದುಕಿದ.

ಅವನ ಪದ್ಧತಿಯಲ್ಲಿ ಮೊದಲು 'ಉಡುಗೊರೆ'ಗಳು: ಉಣ್ಣೆಯ ಚೆಂಡು, ಮರದ ಗೋಲ, ಘನ, ಉರುಳೆ, ಸಣ್ಣ ಸಣ್ಣ ಇಟ್ಟಿಗೆ. ಆಮೇಲೆ 'ಕೈಗೆಲಸ'ಗಳು: ಕಾಗದಕ್ಕೆ ಚುಚ್ಚುವುದು, ಹೊಲಿಯುವುದು, ಮಡಿಸುವುದು, ಕತ್ತರಿಸುವುದು, ಜೇಡಿಮಣ್ಣು. ಇವುಗಳ ನಡುವೆ ಹೆಣಿಗೆ. ಚೌಕ ಹಾಳೆಯೊಂದರ ನಾಲ್ಕು ಅಂಚು ಬಿಟ್ಟು ಒಳಗೆ ಸಮನಾಗಿ ಸೀಳು ಹಾಕುತ್ತಾರೆ. ಬೇರೆ ಬಣ್ಣದ ಪಟ್ಟಿಯನ್ನು ಉದ್ದನೆಯ ಸೂಜಿಯೊಂದಕ್ಕೆ ಸಿಕ್ಕಿಸಿ ಆ ಸೀಳುಗಳಲ್ಲಿ ತೂರಿಸುತ್ತಾ ಹೋಗಬೇಕು. ಇನ್ನೊಂದು ಬಗೆ ಚೌಕಟ್ಟೇ ಇಲ್ಲದ್ದು: ಬರೀ ಪಟ್ಟಿಗಳನ್ನು ಮಡಿಸಿ, ಒಂದಕ್ಕೊಂದು ಸಿಕ್ಕಿಸಿ ತ್ರಿಕೋನ, ಷಟ್ಕೋನ ಕಟ್ಟುವುದು. ನಾಲ್ಕು ಪಟ್ಟಿಗಳಿಂದ ಕಟ್ಟುವ ಹದಿನಾರು ತುದಿಯ ನಕ್ಷತ್ರಕ್ಕೆ ಇವತ್ತಿಗೂ ಆ ದೇಶದಲ್ಲಿ ಫ್ರೋಬೆಲ್ ನಕ್ಷತ್ರ ಅಂತಲೇ ಹೆಸರು.

ಇದರಲ್ಲಿ ಏನು ದೊಡ್ಡದು ಅಂತ ಕೇಳಬಹುದು. ದೊಡ್ಡದಿದೆ. ಮಗು ಮೊದಲು ಒಂದು ಎತ್ತಿ ಒಂದು ಬಿಡುತ್ತದೆ. ಎರಡನೇ ಸಾಲಿಗೆ ಅದನ್ನೇ ಮಾಡಿದರೆ ಹೆಣಿಗೆ ನಿಲ್ಲುವುದಿಲ್ಲ, ಪಟ್ಟಿ ಜಾರಿ ಬರುತ್ತದೆ. ಹಾಗಾದರೆ ತಿರುಗಿಸಿ ಮಾಡಬೇಕು. ಆಮೇಲೆ ಎರಡು ಎತ್ತಿ ಎರಡು ಬಿಡು. ಪ್ರತಿ ಸಾಲಿಗೂ ಒಂದು ಮನೆ ಪಕ್ಕಕ್ಕೆ ಸರಿಸು. ಓರೆ ಗೆರೆ ತಾನಾಗಿ ಏಳುತ್ತದೆ. ಮೂರು ಎತ್ತಿ ಒಂದು ಬಿಟ್ಟರೆ? ಒಂಬತ್ತು ಸೀಳಿನ ಹಾಳೆಯಲ್ಲಿ ಎರಡೆರಡರ ಹೆಣಿಗೆ ಕೊನೆಗೆ ಯಾಕೆ ಕುಂಟುತ್ತದೆ? ಭಾಗಾಕಾರ, ಶೇಷ, ಸಮತೆ ಇವೆಲ್ಲ ಹಲಗೆಯ ಮೇಲೆ ಬರುವ ಮೊದಲೇ ಬೆರಳಿಗೆ ಬಂದಿರುತ್ತವೆ. ಎದುರುಬದುರಾದ ಎರಡು ಸೇರಿ ಮೂರನೆಯದೊಂದು ಆಗುತ್ತದೆ ಎಂಬುದು ಫ್ರೋಬೆಲನ ತತ್ವ. ಅವನಿಗೆ ಅದು ದೇವರ ನಿಯಮ. ನಮಗೆ ಆ ದೇವರು ಬೇಡ, ನಿಯಮ ಸಾಕು.

ಇನ್ನೊಂದು ಮಾತು ಇಲ್ಲಿ ಗಟ್ಟಿಯಾಗಿ ಹೇಳಬೇಕು. ಈ ಕಾಗದದ ಚಾಪೆಯ ಮೇಲೆ ಯಾರೂ ಮಲಗುವುದಿಲ್ಲ. ಸಂತೆಯಲ್ಲಿ ಅದಕ್ಕೆ ಮೂರು ಕಾಸು ಹುಟ್ಟುವುದಿಲ್ಲ. ಮಗು ಅದನ್ನು ಬೇಕಾದರೆ ಮನೆಗೆ ಒಯ್ಯಬಹುದು, ಹರಿದು ಬಿಸಾಕಬಹುದು. ಉಪಯೋಗಕ್ಕೆ ಬಾರದ ವಸ್ತು ಅದು. ಆ ನಿರುಪಯೋಗದಲ್ಲೇ ಅದರ ಬೆಲೆ ಇದೆ. ಮಾಡಿದ ವಸ್ತು ಯಾರಿಗೂ ಬೇಡವಾದಾಗ ಮಾತ್ರ ಮಾಡಿದ ಮಗುವಿಗೆ ಏನು ಸಿಕ್ಕಿತು ಅನ್ನುವ ಪ್ರಶ್ನೆ ಮುಂದಕ್ಕೆ ಬರುತ್ತದೆ.

ಇಷ್ಟು ಸಾಧುವಾದ ಕೆಲಸ ಕೂಡ ದೊರೆಗಳಿಗೆ ಹಿಡಿಸಲಿಲ್ಲ. 1848ರಲ್ಲಿ ಜರ್ಮನಿಯಲ್ಲಿ ಕ್ರಾಂತಿ ಎದ್ದು ಬಿದ್ದಿತ್ತು. 1851ರಲ್ಲಿ ಪ್ರಷ್ಯಾ ಸರ್ಕಾರ ಕಿಂಡರ್‌ಗಾರ್ಟನ್‌ಗಳನ್ನು ನಿಷೇಧಿಸಿತು. ಕಾರಣ? ನಾಸ್ತಿಕವಾದ, ಸಮಾಜವಾದ! ಹೆಣ್ಣುಮಕ್ಕಳ ಉಚ್ಚ ಶಿಕ್ಷಣದ ಬಗ್ಗೆ ಬರೆದಿದ್ದ ಅವನ ಅಣ್ಣನ ಮಗ ಕಾರ್ಲ್ ಫ್ರೋಬೆಲನನ್ನೂ ಇವನನ್ನೂ ಮಂತ್ರಿ ಒಂದೇ ಗಂಟಿಗೆ ಕಟ್ಟಿದ. ಮಾರನೇ ವರ್ಷ ಮುದುಕ ತೀರಿಕೊಂಡ. ನಿಷೇಧ ತೆಗೆದದ್ದು 1860ರಲ್ಲಿ. ಮೂರು ವರ್ಷದ ಮಗುವಿನ ಕೈಯಲ್ಲಿ ಬಣ್ಣದ ಕಾಗದ ಕೊಟ್ಟು ಯೋಚನೆ ಮಾಡು ಅಂದದ್ದಕ್ಕೆ ಒಂದು ಸಾಮ್ರಾಜ್ಯ ಒಂಬತ್ತು ವರ್ಷ ಹೆದರಿತ್ತು. ಚಟುವಟಿಕೆ ಅಂದರೆ ಬರೀ ಹೊತ್ತು ಕಳೆಯುವ ಆಟ ಅಂದುಕೊಂಡಿರುವ ನಮ್ಮ ಸಹೋದ್ಯೋಗಿಗಳು ಇದನ್ನು ನೆನಪಿಡಲಿ.

ನಿಷೇಧದ ನಂತರ ಫ್ರೋಬೆಲನ ಶಿಷ್ಯರು ಚದುರಿದರು, ಅವನ ತೋಟದ ಬೀಜ ಹೊರದೇಶಗಳಿಗೆ ಹೋಯಿತು. 1851ರಲ್ಲೇ ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ರೋಂಗೆ ದಂಪತಿಗಳು ಕಿಂಡರ್‌ಗಾರ್ಟನ್ ತೆರೆದರು. ಬಂದ ಮಕ್ಕಳು ಅನುಕೂಲಸ್ಥರ ಮನೆಯವು. ಅಲ್ಲಿ ಬಣ್ಣದ ಪಟ್ಟಿ, ಸೂಜಿ, ಹಾಡು, ಕುಣಿತ.

ಈಗ ಅಲ್ಲಿಂದ ಸುಮಾರು ಮೂವತ್ತು ಮೈಲಿ ಉತ್ತರಕ್ಕೆ ಬನ್ನಿ. ಲೂಟನ್, ಡನ್‌ಸ್ಟಬಲ್ ಅಂತ ಊರುಗಳು. ಬೆಡ್‌ಫರ್ಡ್‌ಶೈರ್, ಹರ್ಟ್‌ಫರ್ಡ್‌ಶೈರ್, ಬಕಿಂಗ್‌ಹ್ಯಾಮ್‌ಶೈರ್ ಜಿಲ್ಲೆಗಳ ಹಳ್ಳಿಗಳಲ್ಲಿ ಅದೇ ಕಾಲಕ್ಕೆ ಇನ್ನೊಂದು ಬಗೆಯ ಹೆಣಿಗೆ ಶಾಲೆಗಳಿದ್ದವು. 'ಪ್ಲೇಟ್ ಸ್ಕೂಲ್' ಅಂತ ಅವುಗಳ ಹೆಸರು. ಜಡೆ ಹೆಣೆಯುವ ಶಾಲೆ ಅನ್ನಬಹುದು. ಗೋದಿ ಹುಲ್ಲಿನ ಕಡ್ಡಿಯನ್ನು ಸೀಳಿ, ಆ ಸೀಳುಗಳನ್ನು ಜಡೆ ಹಾಗೆ ಹೆಣೆಯುವುದು. ಆ ಜಡೆಯನ್ನು ಸುತ್ತಿ ಹೊಲಿದು ಟೋಪಿ ಮಾಡುತ್ತಿದ್ದರು. ಲೂಟನ್ನಿನ ಟೋಪಿ ಅಂದರೆ ದೊಡ್ಡ ವ್ಯಾಪಾರ.

ಹೆಣೆಯುತ್ತಿದ್ದವರು ಯಾರು? ಬಡ ಕೂಲಿಕಾರರ ಹೆಂಗಸರು, ಮಕ್ಕಳು. ಮಕ್ಕಳೆಂದರೆ ಎಷ್ಟು ವಯಸ್ಸು? ನಾಲ್ಕು. ಎಷ್ಟೋ ಕಡೆ ಮೂರು ತುಂಬಿ ನಾಲ್ಕಕ್ಕೆ ಬೀಳದ ಮಕ್ಕಳು. ಗುಡಿಸಲಿನಂಥ ಒಂದು ಮನೆಯ ಸಣ್ಣ ಕೋಣೆಯಲ್ಲಿ ಇವರನ್ನು ತುಂಬುತ್ತಿದ್ದರು. ನೋಡಿಕೊಳ್ಳುವ ಹೆಂಗಸನ್ನು 'ಟೀಚರ್' ಅನ್ನುತ್ತಿದ್ದರು, ಆಕೆಗೇ ಎಷ್ಟೋ ಸಲ ಓದಲು ಬಾರದು. ತಾಯಂದಿರು ವಾರಕ್ಕೆ ಒಂದೆರಡು ಪೆನ್ನಿ ಫೀಸು ಕೊಟ್ಟು, ಇವತ್ತು ಇಷ್ಟು ಗಜ ಆಗಬೇಕು ಅಂತ ಹೇಳಿ ಬಿಟ್ಟು ಹೋಗುತ್ತಿದ್ದರು. ಅಷ್ಟು ಗಜ ಆಗದಿದ್ದರೆ ಏಟು. ಹುಲ್ಲು ಮೆತ್ತಗಾಗಲಿ ಅಂತ ಮಗು ಅದನ್ನು ಮತ್ತೆ ಮತ್ತೆ ಬಾಯಿಗಿಟ್ಟು ಒದ್ದೆ ಮಾಡಬೇಕು. ತುಟಿ ಸೀಳುತ್ತಿತ್ತು, ಬೆರಳು ಕೊಯ್ಯುತ್ತಿತ್ತು. ಇದು ನನ್ನ ಕಲ್ಪನೆಯಲ್ಲ. 1860ರ ದಶಕದಲ್ಲಿ ಬ್ರಿಟಿಷ್ ಪಾರ್ಲಿಮೆಂಟು ನೇಮಿಸಿದ ಬಾಲದುಡಿಮೆ ಆಯೋಗದ ವರದಿಗಳಲ್ಲಿ ಇದೆ. ಆ ವರದಿಗಳನ್ನು ಓದಿಯೇ ಕಾರ್ಲ್ ಮಾರ್ಕ್ಸ್ 1867ರ ತನ್ನ 'ಬಂಡವಾಳ' ಗ್ರಂಥದಲ್ಲಿ ಈ ಹುಲ್ಲಿನ ಶಾಲೆಗಳ ಬಗ್ಗೆ ಬರೆದ. ಕಾರ್ಖಾನೆಯ ಬಗ್ಗೆ ಬರೆದ ಮಾರ್ಕ್ಸ್ ನಮ್ಮವರಿಗೆ ಗೊತ್ತು. ಹುಲ್ಲು ಕಚ್ಚಿದ ಮಗುವಿನ ಬಾಯಿಯ ಬಗ್ಗೆ ಬರೆದ ಮಾರ್ಕ್ಸ್ ಅಷ್ಟಾಗಿ ಗೊತ್ತಿಲ್ಲ.

ನೋಡಿ, ಒಂದೇ ದೇಶ. ಒಂದೇ ದಶಕ. ಎರಡು ಕಡೆಯೂ 'ಶಾಲೆ' ಅಂತಲೇ ಹೆಸರು. ಎರಡು ಕಡೆಯೂ ನಾಲ್ಕು ವರ್ಷದ ಮಗು. ಎರಡು ಕಡೆಯೂ ಪಟ್ಟಿ ಹೆಣೆಯುವುದೇ ಪಾಠ. ಹ್ಯಾಂಪ್‌ಸ್ಟೆಡ್ಡಿನ ಮಗು ಹೆಣೆದು ಲೆಕ್ಕ ಕಲಿಯಿತು. ಲೂಟನ್ನಿನ ಕಡೆಯ ಮಗು ಹೆಣೆದದ್ದನ್ನು ವರ್ತಕ ಲೆಕ್ಕ ಹಾಕಿಕೊಂಡ. ಅಲ್ಲಿ ತಪ್ಪಿದರೆ ಯಾಕೆ ತಪ್ಪಿತು ಅಂತ ಪ್ರಶ್ನೆ, ಇಲ್ಲಿ ತಪ್ಪಿದರೆ ಬೆತ್ತ.

1867ರ ಕಾರ್ಯಾಗಾರಗಳ ಕಾಯಿದೆ ಎಂಟು ವರ್ಷದೊಳಗಿನ ಮಕ್ಕಳನ್ನು ಇಂಥ ಕೈಗೆಲಸಕ್ಕೆ ಹಚ್ಚಬಾರದು ಅಂದಿತು. ಜಾರಿಯೇನೋ ಸಡಿಲವಾಗಿತ್ತು. ಮನೆಯೊಳಗೆ ನಡೆಯುವುದನ್ನು ಯಾರು ನೋಡುತ್ತಾರೆ? 1870ರ ಶಿಕ್ಷಣ ಕಾಯಿದೆ, ಆಮೇಲೆ ಚೀನಾ ಜಪಾನಿನಿಂದ ಬಂದ ಅಗ್ಗದ ಜಡೆ, ಇವೆಲ್ಲ ಸೇರಿ ಆ ಶಾಲೆಗಳನ್ನು ಮುಚ್ಚಿಸಿದವು. ದಯೆ ಎಷ್ಟು ಮುಚ್ಚಿಸಿತೋ ಅಗ್ಗದ ಮಾಲೂ ಅಷ್ಟೇ ಮುಚ್ಚಿಸಿತು.

ಅಮೆರಿಕಕ್ಕೆ ಹೋದರೆ ಕತೆ ಇನ್ನೂ ಸ್ಪಷ್ಟ. ಅಲ್ಲಿ 1856ರಲ್ಲಿ ವಿಸ್ಕಾನ್ಸಿನ್ನಿನ ವಾಟರ್‌ಟೌನಿನಲ್ಲಿ ಮಾರ್ಗರೆಟಾ ಶೂರ್ಜ್ ಎಂಬ ಜರ್ಮನ್ ಹೆಂಗಸು ಮೊದಲು ತೆರೆದಳು. 1860ರಲ್ಲಿ ಬಾಸ್ಟನ್ನಿನಲ್ಲಿ ಎಲಿಜಬೆತ್ ಪೀಬಾಡಿ ಇಂಗ್ಲಿಷಿನಲ್ಲಿ ನಡೆಸಿದಳು. ಆಮೇಲೆ ಮಿಲ್ಟನ್ ಬ್ರಾಡ್ಲಿ ಎಂಬ ಆಟದ ಸಾಮಾನಿನ ವ್ಯಾಪಾರಿ ಕತ್ತರಿಸಿ ಸಿದ್ಧ ಮಾಡಿದ ಬಣ್ಣದ ಪಟ್ಟಿಗಳನ್ನೂ ಹಾಳೆಗಳನ್ನೂ ಪೆಟ್ಟಿಗೆಗೆ ತುಂಬಿ ಮಾರತೊಡಗಿದ. ಫ್ರೋಬೆಲನ ನಿರುಪಯೋಗಿ ಕಾಗದವೂ ಸರಕಾಯಿತು. ಅದು ಬಂಡವಾಳಶಾಹಿಯ ಚಾಳಿ, ಬಿಡಿ. ಅದಕ್ಕಿಂತ ಘೋರವಾದದ್ದು ಬೇರೆ.

1870ರ ದಶಕದಲ್ಲಿ ನ್ಯೂಯಾರ್ಕಿನ ಬಡ ವಲಸಿಗರ ಕೇರಿಯಲ್ಲಿ ಎಮಿಲಿ ಹಂಟಿಂಗ್ಟನ್ ಎಂಬ ಮಹಿಳೆ ಬಡ ಹುಡುಗಿಯರ ಶಾಲೆ ನಡೆಸುತ್ತಿದ್ದಳು. ಒಂದು ಕಿಂಡರ್‌ಗಾರ್ಟನ್ ನೋಡಿದಳು. ಮಕ್ಕಳು ಆಟದಲ್ಲಿ ಎಷ್ಟು ಚೆನ್ನಾಗಿ ಕಲಿಯುತ್ತಾರೆ ಅಂತ ಮೆಚ್ಚಿದಳು. ಮೆಚ್ಚಿ ಮಾಡಿದ್ದೇನು? ಫ್ರೋಬೆಲನ ಗೋಲ, ಘನ, ಪಟ್ಟಿ ತೆಗೆದು ಆ ಜಾಗಕ್ಕೆ ಪುಟ್ಟ ಪೊರಕೆ, ಪುಟ್ಟ ತಟ್ಟೆ, ಪುಟ್ಟ ಹಾಸಿಗೆ, ಬಟ್ಟೆ ಒಗೆಯುವ ಪುಟ್ಟ ಬಾನಿ ಇಟ್ಟಳು. ಹಾಡು ಹೇಳುತ್ತಾ ಗುಡಿಸುವುದು, ತಾಳಕ್ಕೆ ಸರಿಯಾಗಿ ತಟ್ಟೆ ತೊಳೆಯುವುದು. ಹೆಸರೂ ಇಟ್ಟಳು: 'ಕಿಚನ್ ಗಾರ್ಡನ್'. ಮಕ್ಕಳ ತೋಟ ಹೋಗಿ ಅಡಿಗೆಮನೆ ತೋಟ ಆಯಿತು! ಬಡವರ ಹೆಣ್ಣುಮಕ್ಕಳು ಶ್ರೀಮಂತರ ಮನೆಗೆ ಒಳ್ಳೆಯ ಆಳುಗಳಾಗಲಿ ಅಂತ. ಆಕೆ ಕೆಟ್ಟವಳೇನಲ್ಲ. ಹಸಿದ ಮನೆಯ ಹುಡುಗಿಗೆ ಒಂದು ಕೆಲಸ ಸಿಗಲಿ ಅಂತಲೇ ಮಾಡಿರಬೇಕು. ನಮ್ಮ ಹಟ್ಟಿಗೆ ಬರುವ ಎಷ್ಟೋ ಒಳ್ಳೆಯವರ ಮುಖ ನನಗೆ ಅವಳಲ್ಲಿ ಕಾಣುತ್ತದೆ.

ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರಿಗೂ ಇದೇ ಉಪದೇಶ: ನಿಮಗೆ ಕೈಕಸುಬು ಸಾಕು. 1903ರಲ್ಲಿ ಡುಬಾಯ್ಸ್ ಇದನ್ನು ಎದುರಿಸಿ ಬರೆದ. ಕೈಕಸುಬು ಕೀಳು ಅಂತ ಅವನು ಹೇಳಲಿಲ್ಲ. ಕಸುಬು ಮಾತ್ರ ಯಾಕೆ, ಕಾಲೇಜು ಯಾಕಿಲ್ಲ ಅಂತ ಕೇಳಿದ.

ಈಗ ನಮ್ಮಲ್ಲಿಗೆ ಬರೋಣ. 1871ರಲ್ಲಿ ಬ್ರಿಟಿಷ್ ಸರ್ಕಾರ ಇಲ್ಲಿ 'ಅಪರಾಧಿ ಬುಡಕಟ್ಟುಗಳ ಕಾಯಿದೆ' ತಂದಿತು. 1911ರ ಹೊಸ ಕಾಯಿದೆಯ ನಂತರ ಮದ್ರಾಸ್ ಪ್ರಾಂತ್ಯದಲ್ಲೂ ಅದು ಜಾರಿಯಾಯಿತು. ಬುಟ್ಟಿ, ಚಾಪೆ, ಪೊರಕೆ ಹೆಣೆದು ಊರೂರು ತಿರುಗಿ ಮಾರುತ್ತಿದ್ದ ಕೊರವರು, ಕೊರಚರು, ಯರುಕಲರು ಹುಟ್ಟುಗಳ್ಳರು ಅಂತ ಪಟ್ಟಿಗೆ ಸೇರಿದರು. ಠಾಣೆಗೆ ಹೋಗಿ ಹಾಜರಿ ಹಾಕಬೇಕು, ಹೇಳದೆ ಊರು ಬಿಡಬಾರದು, ಸೆಟ್ಲ್‌ಮೆಂಟಿನಲ್ಲಿ ಇರಬೇಕು. 1952ರಲ್ಲಷ್ಟೇ ಆ ಕಾಯಿದೆ ಹೋಯಿತು. ಬ್ರಿಟಿಷರ ಮಕ್ಕಳು ತಮ್ಮ ಊರಲ್ಲಿ ಕಾಗದ ಹೆಣೆದು ಲೆಕ್ಕ ಕಲಿಯುತ್ತಿದ್ದ ಕಾಲದಲ್ಲಿ, ಅದೇ ಸರ್ಕಾರ ಇಲ್ಲಿ ಗರಿ ಹೆಣೆಯುವ ಕೈಗಳನ್ನು ಹಿಡಿದು ಹೆಬ್ಬೆರಳ ಗುರುತು ತೆಗೆದುಕೊಂಡಿತು. ಊರ ಗೌಡ, ಶಾನುಭೋಗ ಅದಕ್ಕೆ ಸಾಕ್ಷಿ ಹಾಕಿದರು. ಬಿಳಿಯರನ್ನೊಬ್ಬರನ್ನೇ ಬೈದರೆ ಅರ್ಧ ಸತ್ಯ ಹೇಳಿದಂತೆ.

ಸ್ವದೇಶಿ ಶಿಕ್ಷಣದ ಮಾತಿಗೆ ಬಂದರೆ 1937ರ ವಾರ್ಧಾ. ಗಾಂಧೀಜಿಯವರ ನಯೀ ತಾಲೀಮ್. ಕಸುಬಿನ ಮೂಲಕ ಕಲಿಕೆ, ಏಳು ವರ್ಷ ಕಡ್ಡಾಯ ಉಚಿತ ಶಿಕ್ಷಣ, ತಾಯ್ನುಡಿ. ಇದರಲ್ಲಿ ದೊಡ್ಡ ಮನಸ್ಸು ಇತ್ತು, ಇಲ್ಲ ಅನ್ನುವುದಿಲ್ಲ. ಬ್ರಾಹ್ಮಣರ ಹುಡುಗನ ಕೈಗೂ ತಕಲಿ ಕೊಟ್ಟದ್ದು ಸಣ್ಣ ಮಾತಲ್ಲ. ಆದರೆ ಮಕ್ಕಳು ಮಾಡಿದ ಮಾಲಿನಿಂದ ಶಾಲೆಯ ಖರ್ಚು, ಮೇಷ್ಟರ ಸಂಬಳ ಹುಟ್ಟಬೇಕು ಎಂಬ ಆಸೆಯೂ ಅದರೊಳಗೆ ಇತ್ತಲ್ಲ, ಅಲ್ಲಿ ನನಗೆ ಲೂಟನ್ನಿನ ಗಜಕೋಲು ಕಾಣಿಸುತ್ತದೆ. ಮಗುವಿನ ಹೆಣಿಗೆಗೆ ಬೆಲೆ ಬಂದ ಕೂಡಲೇ ಅದು ತಪ್ಪು ಮಾಡುವ ಹಕ್ಕನ್ನು ಕಳೆದುಕೊಳ್ಳುತ್ತದೆ.

1953ರಲ್ಲಿ ಮುಖವಾಡವೂ ಕಳಚಿತು. ಮದ್ರಾಸ್ ರಾಜ್ಯದ ಮುಖ್ಯಮಂತ್ರಿ ರಾಜಾಜಿ ಹಳ್ಳಿಯ ಪ್ರಾಥಮಿಕ ಶಾಲೆಗಳಿಗೆ ಹೊಸ ಯೋಜನೆ ತಂದರು: ಮಗು ದಿನಕ್ಕೆ ಮೂರು ಗಂಟೆ ಶಾಲೆಗೆ ಬಂದರೆ ಸಾಕು, ಉಳಿದ ಹೊತ್ತು ಅಪ್ಪನ ಕಸುಬು ಕಲಿಯಲಿ. ನಮ್ಮ ದಕ್ಷಿಣ ಕನ್ನಡ, ಕೊಳ್ಳೇಗಾಲ ಆಗ ಆ ರಾಜ್ಯದ ಒಳಗೇ ಇದ್ದವು, ನೆನಪಿರಲಿ. ಮಾಸ್ತರರ ಮಗ ಅಪ್ಪನ ಹತ್ತಿರ ಓದು ಕಲಿಯುತ್ತಾನೆ, ಸರಿ. ಜಲಗಾರನ ಮಗ ಏನು ಕಲಿಯಬೇಕು? ಪೆರಿಯಾರ್ ಮತ್ತು ಅವರ ಕಡೆಯವರು ಇದಕ್ಕೆ 'ಕುಲಕಲ್ವಿ' ಅಂದರು, ಅಂದರೆ ಕುಲದ ಶಿಕ್ಷಣ, ಎಂದು ಹೆಸರಿಟ್ಟು ಬೀದಿಗಿಳಿದರು. 1954ರಲ್ಲಿ ರಾಜಾಜಿ ಇಳಿದರು, ಕಾಮರಾಜ್ ಬಂದರು, ಯೋಜನೆ ಕಸದಬುಟ್ಟಿಗೆ ಹೋಯಿತು. (ಆ ಕಸದಬುಟ್ಟಿ ಹೆಣೆದವರೂ ನಮ್ಮವರೇ.)

ಸತ್ತಿತು ಅಂದುಕೊಂಡಿದ್ದೆವು. ಸತ್ತಿಲ್ಲ. 2016ರಲ್ಲಿ ಬಾಲಕಾರ್ಮಿಕ ಕಾಯಿದೆಗೆ ತಿದ್ದುಪಡಿ ಆಯಿತು. ಹದಿನಾಲ್ಕರೊಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಹಚ್ಚಬಾರದು ಅಂತ ಮುಂಬಾಗಿಲಿಗೆ ಬೀಗ ಹಾಕಿತು, ಒಳ್ಳೆಯದು. ಹಿಂಬಾಗಿಲು ತೆರೆದಿಟ್ಟಿತು: ಅಪಾಯಕಾರಿಯಲ್ಲದ 'ಕುಟುಂಬದ ಉದ್ಯಮ'ದಲ್ಲಿ ಶಾಲೆಯ ಹೊತ್ತು ಕಳೆದ ಮೇಲೆ, ರಜದಲ್ಲಿ, ಮಗು ನೆರವಾಗಬಹುದು. ವಕೀಲರ ಕುಟುಂಬದ ಉದ್ಯಮದಲ್ಲಿ ಹತ್ತು ವರ್ಷದ ಮಗ ಏನು ನೆರವಾಗುತ್ತಾನೆ? ಕುಟುಂಬದ ಉದ್ಯಮ ಅಂತ ಇರುವುದು ಯಾರಿಗೆ? ಈ ದೇಶದಲ್ಲಿ ಕುಟುಂಬದ ಉದ್ಯಮ ಅಂದರೆ ಜಾತಿಗೆ ಸರ್ಕಾರ ಇಟ್ಟ ಗೌರವದ ಹೆಸರು. ಬೀಡಿ, ಬುಟ್ಟಿ, ಚಪ್ಪಲಿ, ಪೊರಕೆ. ಸಂಜೆ ನಾಲ್ಕೂವರೆಗೆ ಶಾಲೆ ಬಿಟ್ಟ ಮಗು ಏಳರವರೆಗೆ ದಬ್ಬೆ ಸೀಳಿ ಬೆಳಿಗ್ಗೆ ನನ್ನ ಕ್ಲಾಸಿನಲ್ಲಿ ತೂಕಡಿಸಿದರೆ ಕಾಯಿದೆ ಪ್ರಕಾರ ಎಲ್ಲವೂ ಸರಿಯಾಗಿದೆ.

2020ರ ಶಿಕ್ಷಣ ನೀತಿ ಆರರಿಂದ ಎಂಟನೇ ತರಗತಿಯ ಮಕ್ಕಳಿಗೆ ಹತ್ತು ದಿನ ಬ್ಯಾಗಿಲ್ಲದೆ ಬಡಗಿ, ಕುಂಬಾರ, ತೋಟಗಾರರ ಬಳಿ ಕಲಿಯಿರಿ ಅನ್ನುತ್ತದೆ. ಕಾಗದದ ಮೇಲೆ ನೋಡಿದರೆ ಒಳ್ಳೆಯದೇ. ಎಲ್ಲರ ಮಕ್ಕಳೂ ಕುಂಬಾರನ ಮುಂದೆ ಕೂತು ಕಲಿತರೆ ನಾನು ಮೊದಲು ಚಪ್ಪಾಳೆ ತಟ್ಟುತ್ತೇನೆ. ಆದರೆ ನಮ್ಮ ತಾಲ್ಲೂಕಿನಲ್ಲಿ ಆಗಿದ್ದೇನು ಅಂತ ಮೇಲೆ ಹೇಳಿದೆನಲ್ಲ. ನೀತಿ ದೆಹಲಿಯಿಂದ ಹೊರಡುವಾಗ 'ಎಲ್ಲ ಮಕ್ಕಳು' ಅಂತ ಇರುತ್ತದೆ. ನಮ್ಮೂರ ಶಾಮಿಯಾನ ತಲುಪುವ ಹೊತ್ತಿಗೆ 'ಆ ಮಕ್ಕಳು' ಅಂತ ಆಗಿರುತ್ತದೆ.

ನಮ್ಮೊಳಗಿನ ಜಗಳವನ್ನೂ ಮುಚ್ಚಿಡಬಾರದು. ಸಂಘಟನೆಯ ಗೆಳೆಯರೊಬ್ಬರು ನನಗೆ ಹೇಳಿದರು: "ಮೇಷ್ಟ್ರೇ, ಈ ಕಾಗದ, ಮಣ್ಣು, ಹೆಣಿಗೆ ಎಲ್ಲ ಕಿತ್ತು ಬಿಸಾಕಿ. ನಮ್ಮ ಮಕ್ಕಳಿಗೆ ಇಂಗ್ಲಿಷು, ಕಂಪ್ಯೂಟರು ಕೊಡಿ. ಕೈ ಕೆಲಸ ಸಾವಿರಾರು ವರ್ಷ ಮಾಡಿದ್ದೀವಿ." ಅವರ ನೋವು ನನ್ನದೂ ಹೌದು. ಆದರೆ ಮಾತು ಒಪ್ಪಲಾರೆ. ಇಂಗ್ಲಿಷೂ ಬೇಕು, ಕಂಪ್ಯೂಟರೂ ಬೇಕು, ಜೊತೆಗೆ ಹೆಣಿಗೆಯೂ ಬೇಕು. ಮೇಲಿನವರು ಹಿಂದೆ ಅಕ್ಷರವನ್ನು ಬಚ್ಚಿಟ್ಟರು. ಈಗ ಅವರ ಮಕ್ಕಳಿಗೆ ಕೈಯಿಂದ ಯೋಚಿಸುವುದನ್ನು ದುಡ್ಡು ಕೊಟ್ಟು ಕಲಿಸುತ್ತಿದ್ದಾರೆ. ನಮ್ಮ ಮಕ್ಕಳಿಗೆ ಗೈಡು ಬಾಯಿಪಾಠ. ಅಂದರೆ ಮತ್ತೆ ಅವರಿಗೆ ಯೋಚನೆ, ನಮಗೆ ಉರು ಹೊಡೆಯುವುದು. ನಾವೇ ನಮ್ಮ ಕೈಯಾರೆ ಆ ಪಾಲು ಬಿಟ್ಟುಕೊಡಬೇಕೆ?

ಇನ್ನೊಂದು ಕಡೆ ದೇಸಿಯ ಭಜನೆ ಮಾಡುವವರು. ಬುಟ್ಟಿಯಲ್ಲಿ ಎಂಥ ಜ್ಯಾಮಿತಿ, ಮೊರದಲ್ಲಿ ಎಂಥ ಸೌಂದರ್ಯ! ಮೇದಾರ ಕೇತಯ್ಯನ ಫೋಟೋಕ್ಕೆ ಹಾರ ಹಾಕಿ ಕಾಯಕದ ಬಗ್ಗೆ ಗಂಟೆಗಟ್ಟಲೆ ಭಾಷಣ. ಅದೇ ಸಂಜೆ ಸಂತೆಯಲ್ಲಿ ಮಂಕರಿಗೆ ಹತ್ತು ರೂಪಾಯಿ ಚೌಕಾಸಿ. ಬಿದಿರು ಎಲ್ಲಿಂದ ತರುತ್ತಾರೆ, ಮೆಳೆ ಎಷ್ಟು ದೂರ ಹೋಯಿತು, ಪ್ಲಾಸ್ಟಿಕ್ ಬುಟ್ಟಿ ಬಂದ ಮೇಲೆ ಒಲೆ ಹೇಗೆ ಉರಿಯುತ್ತದೆ ಅಂತ ಇವರು ಕೇಳುವುದಿಲ್ಲ. ಕಸುಬಿಗೆ ಕೈಮುಗಿದು ಕಸುಬುದಾರನನ್ನು ಹೊರಗೆ ನಿಲ್ಲಿಸುವುದು ನಮ್ಮ ನಾಡಿನ ಹಳೆಯ ವಿದ್ಯೆ.

ಪ್ರದರ್ಶನ ಮುಗಿದ ಮಾರನೇ ದಿನ ಆ ಹುಡುಗಿಯ ತಾಯಿ ಶಾಲೆಗೆ ಬಂದರು. ಒಳಗೆ ಬನ್ನಿ ಅಂದರೂ ಬಾಗಿಲ ಹತ್ತಿರವೇ ನಿಂತರು.

"ಮೇಷ್ಟ್ರೇ, ತೆಪ್ಪು ತಿಳ್ಕೋಬ್ಯಾಡಿ. ಬುಟ್ಟಿ ಹೆಣಿಯೋದು ಮನೇಲೇ ಐತೆ. ಅದು ಬ್ಯಾಡ ಅಂತ್ಲೇ ಇಸ್ಕೂಲಿಗೆ ಕಳ್ಸಿರಾದು. ನೀವೂ ಅದ್ನೇ ಹೆಣಿಸ್ತೀರಾ?"

"ನಾನು ಕೂರಿಸಿದ್ದಲ್ಲ ಅಕ್ಕ, ಮೇಲಿಂದ ಹೆಸರು ಕೇಳಿದ್ರು..." ಅಂದೆ.

"ಯೆಸ್ರು ಬರ್ಕೊಟ್ಟೋರು ಯಾರು?"

ಬರೆದುಕೊಟ್ಟವನು ನಾನೇ. 'ಸ್ಥಳೀಯ ಕಸುಬು ಬಲ್ಲ ವಿದ್ಯಾರ್ಥಿಗಳು' ಅಂತ ಒಂದು ಫಾರಂ ಬಂದಿತ್ತು. ಮೂರು ಹೆಸರು ಬರೆದಿದ್ದೆ. ಇಬ್ಬರು ಮೇದರ ಕೇರಿ, ಒಬ್ಬ ಕುಂಬಾರರವನು. ಬರೆಯುವಾಗ ನನ್ನ ಕೈ ನಡುಗಲಿಲ್ಲ. ಕೊರಮರ ಹಟ್ಟಿಯಿಂದ ಬಂದ ನಾನೇ ಆ ಕಾಲಮ್ಮು ತುಂಬಿದ್ದೆ. ಬೇರೆಯವರನ್ನು ಬೈಯುವ ಈ ಲೇಖನದಲ್ಲಿ ಇದನ್ನು ಬರೆಯದೆ ಬಿಟ್ಟರೆ ಆ ತಾಯಿಗೆ ಮುಖ ತೋರಿಸಲಾರೆ.

ಆಮೇಲೆ ನಾನು ಮಾಡಿದ್ದು ಇಷ್ಟು. ಐದನೇ ತರಗತಿಯ ಮೂವತ್ತೊಂದು ಮಕ್ಕಳಿಗೂ ಹಳೆಯ ಕ್ಯಾಲೆಂಡರ್ ಹಾಳೆ, ದಿನಪತ್ರಿಕೆ ಕತ್ತರಿಸಿ ಪಟ್ಟಿ ಮಾಡಿಸಿದೆ. ಗೌಡರ ಮಗ, ಮಾದಿಗರ ಹುಡುಗ, ಸಾಬರ ಹುಡುಗಿ, ಎಲ್ಲರೂ ನೆಲದ ಮೇಲೆ. ನಾನೂ ನೆಲದ ಮೇಲೆ. ಎಂಟು ಸೀಳಿನ ಹಾಳೆ, ಒಂಬತ್ತು ಸೀಳಿನ ಹಾಳೆ, ಹತ್ತು ಸೀಳಿನದು. ಎರಡೆರಡರ ಹೆಣಿಗೆ. ಹೆಣೆಯುವ ಮೊದಲು ನೋಟ್‌ಬುಕ್ಕಿನಲ್ಲಿ ಬರೆಯಬೇಕು: ಎಷ್ಟನೇ ಸಾಲಿಗೆ ಮತ್ತೆ ಮೊದಲಿನ ಸಾಲೇ ಬರುತ್ತದೆ? ಗೌಡರ ಮಗನ ಪಟ್ಟಿ ಮೂರು ಸಲ ಜಾರಿತು. ಯಾರೂ ನಗಲಿಲ್ಲ ಅಂದರೆ ಸುಳ್ಳಾಗುತ್ತದೆ, ನಕ್ಕರು. ಬಿದಿರು ಹೆಣೆಯುವ ಹುಡುಗಿ ಬೇಗ ಮುಗಿಸಿ ಸುಮ್ಮನೆ ಕೂತಿರಲಿಲ್ಲ. "ಸಾರ್, ಬುಟ್ಟಿ ದುಂಡಗಿರುತ್ತಲ್ಲ, ಅಂಚೇ ಇಲ್ಲ. ನೆಟ್ಟಗೆ ನಿಂತಿರೋ ಕಡ್ಡಿ ಸರಿಸಂಖ್ಯೆ ಇದ್ರೆ ಎರಡನೇ ಸುತ್ತಿನಲ್ಲಿ ಕೆಡುತ್ತೆ. ಅದಕ್ಕೇ ನಮ್ಮಮ್ಮ ಒಂದು ಕಡ್ಡಿ ಜಾಸ್ತಿ ಇಡ್ತಾಳೆ" ಅಂದಳು. ಒಂದೇ ದಬ್ಬೆಯನ್ನು ಸುತ್ತುತ್ತಾ ಹೆಣೆಯುವಾಗ ಕಡ್ಡಿ ಬೆಸಸಂಖ್ಯೆ ಇದ್ದರೆ ಮಾತ್ರ ಮುಂದಿನ ಸುತ್ತು ತಾನಾಗಿ ಅದಲುಬದಲಾಗುತ್ತದೆ. ಮೂವತ್ತು ಮಕ್ಕಳೂ ಬಾಯಿಬಿಟ್ಟು ನೋಡಿದರು. ಹಲಗೆ ಹತ್ತಿರ ಕರೆದು ಚಿತ್ರ ಬರೆದು ತೋರಿಸು ಅಂದೆ. ತೋರಿಸಿದಳು. ಫೋಟೋ ತೆಗೆಯಲಿಲ್ಲ.

ಒಂದು ಶನಿವಾರ ತಾಯಿ ಬಂದಾಗ ಅವಳ ನೋಟ್‌ಬುಕ್ಕೂ ಕಾಗದದ ಚಾಪೆಯೂ ಕೊಟ್ಟೆ. ಬರಹ ಅವರಿಗೆ ಓದಲು ಬಾರದು. ಚಾಪೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಇಲ್ಲೊಂದು ಎಳೆ ತೆಪ್ಪೈತೆ" ಅಂದರು. ನಿಜ, ತಪ್ಪಿತ್ತು, ನನಗೆ ಕಂಡಿರಲಿಲ್ಲ. ಆಮೇಲೆ ಕೇಳಿದರು, "ಇದ್ನ ಯಾರಿಗೂ ಮಾರಾಕಿಲ್ಲ ತಾನೇ?"

"ಇಲ್ಲ ಅಕ್ಕ."

"ಹಂಗಾರೆ ಹೆಣೀಲಿ ಬಿಡಿ."

ಈ ವರ್ಷ ಮತ್ತೆ ಅದೇ ಫಾರಂ ಬಂದಿದೆ. 'ಸ್ಥಳೀಯ ಕಸುಬು ಬಲ್ಲ ವಿದ್ಯಾರ್ಥಿಗಳ ಹೆಸರು'. ಮೂವತ್ತೊಂದು ಹೆಸರೂ ಬರೆದೆ, ಅಕಾರಾದಿಯಾಗಿ. ಕಸುಬು ಎಂಬ ಕಾಲಮ್ಮಿನಲ್ಲಿ 'ಹೆಣಿಗೆ — ಗಣಿತ' ಅಂತ ಎಲ್ಲರಿಗೂ ಒಂದೇ ಬರೆದೆ. ಜಾತಿ ಎಂಬ ಕಾಲಮ್ಮೊಂದು ಅದರಲ್ಲಿತ್ತು, ವಸ್ತುಪ್ರದರ್ಶನಕ್ಕೆ ಜಾತಿ ಯಾಕೆ ಅಂತ ಅದರೊಳಗೇ ಬರೆದೆ. ಹನ್ನೊಂದು ದಿನಕ್ಕೆ ಮೆಮೋ ಬಂತು: ಫಾರಂ ತಪ್ಪಾಗಿ ತುಂಬಿದ್ದೀರಿ, ಮೂರು ದಿನದೊಳಗೆ ವಿವರಣೆ ಕೊಡಿ. ಈ ಲೇಖನದ ಒಂದು ಪ್ರತಿಯನ್ನು ಲಗತ್ತಿಸಿ ಕಳಿಸುತ್ತಿದ್ದೇನೆ. ಬೇರೆ ತಾಲ್ಲೂಕುಗಳ ಮೇಷ್ಟ್ರುಗಳಿಗೂ ಇಂಥ ಫಾರಂ ಬಂದಿದ್ದರೆ, ಅವರು ಅದನ್ನು ಹೇಗೆ ತುಂಬಿದರು ಅಂತ ಈ ಪತ್ರಿಕೆಗೆ ಬರೆಯಲಿ.